ಕೊಡಗಿನ ಮಳೆಗೆ ವೇಗದ ಕಾರಿನ ಟೈರು, ರಿಮ್ಮು: ಆರಿಸುವುದು ಹೇಗೆ?

ಮುಂಗಾರು ಹತ್ತಿರವಾದಾಗ ಕೊಡಗಿನಲ್ಲಿ ವೇಗದ ಕಾರು ಇಟ್ಟುಕೊಂಡವರ ನಡುವೆ ಒಂದು ಪ್ರಶ್ನೆ ಏಳುತ್ತದೆ: "ಯುರೋಪಿನವರ ಹಾಗೆ ವಿಂಟರ್ ಟೈರ್ ತರಿಸಿ ಹಾಕಿದರೆ ಹೇಗೆ?" ಕೇಳುವವರ ಆತಂಕ ನ್ಯಾಯವಾದದ್ದೇ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಹ್ಯುಂಡೈ ಐ20 ಎನ್ ಲೈನ್‌ನಂಥ ಕಾರುಗಳು ಈಗ ವಿರಾಜಪೇಟೆ, ಪೊನ್ನಂಪೇಟೆಯ ಮನೆಯಂಗಳಗಳಲ್ಲೂ ನಿಂತಿವೆ. ಮಾರ್ಚ್ ತಿಂಗಳಲ್ಲಿ ಮದೆನಾಡಿನ ತಿರುವುಗಳನ್ನು ನಿಶ್ಚಿಂತೆಯಿಂದ ದಾಟಿಸಿದ ಟೈರು ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಅದೇ ಭರವಸೆ ಕೊಡುವುದಿಲ್ಲ. ಹಾಗಾದರೆ ಮಳೆಗೆ ಬೇರೆ ಟೈರು ಬೇಕೇ, ಬೇರೆ ರಿಮ್ಮೂ ಬೇಕೇ?

ನನ್ನ ಉತ್ತರ ಇಷ್ಟು. ಚಳಿಗಾಲದ ಟೈರಿನ ರಬ್ಬರು ನಮಗೆ ಬೇಡವೇ ಬೇಡ. ಆದರೆ ಚಳಿಗಾಲಕ್ಕೆಂದು ಅಲ್ಲಿಯವರು ರಿಮ್ ಆರಿಸುವ ಕ್ರಮ ಇದೆಯಲ್ಲ, ಅದು ಕೊಡಗಿನ ಮಳೆಗಾಲಕ್ಕೆ ಹೇಳಿ ಮಾಡಿಸಿದಂತಿದೆ.

ಚಳಿಗಾಲದ ಟೈರು ಏನು ಮಾಡುತ್ತದೆ

ರಬ್ಬರು ತಣ್ಣಗಾದಷ್ಟೂ ಬಿಗಿಯಾಗುತ್ತದೆ. ಬಿಗಿಯಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯಲಾರದು, ಮೇಲ್ಮೈ ಮೇಲೆ ಜಾರುತ್ತದೆ. ಬೇಸಿಗೆಯ ಸ್ಪೋರ್ಟ್ಸ್ ಟೈರುಗಳಲ್ಲಿ ಈ ದೋಷ ಇನ್ನೂ ಹೆಚ್ಚು. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2ನಂಥ ರೇಸ್ ಟ್ರ್ಯಾಕಿಗೆ ಹತ್ತಿರದ ಟೈರುಗಳನ್ನು ಕೊರೆಯುವ ಚಳಿಯಲ್ಲಿ ಉರುಳಿಸಿದರೆ ರಬ್ಬರು ಬಿರುಕು ಬಿಡಬಹುದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಅದಕ್ಕಾಗಿ ಚಳಿಗಾಲದ ಟೈರಿನ ರಬ್ಬರನ್ನು ಶೂನ್ಯದ ಕೆಳಗೂ ಮೆತ್ತಗೇ ಇರುವ ಹಾಗೆ ಬೆರೆಸಿರುತ್ತಾರೆ. ಅದರ ಟ್ರೆಡ್, ಅಂದರೆ ನೆಲ ಮುಟ್ಟುವ ಮೈಯ ತೋಡುಗಳು, ಆಳ. ತೋಡುಗಳ ನಡುವಿನ ಪ್ರತಿ ರಬ್ಬರು ಬ್ಲಾಕಿನ ಮೇಲೂ ಸಾಲುಸಾಲಾಗಿ ತೆಳು ಸೀಳುಗಳು ಇರುತ್ತವೆ. ಬ್ರೇಕ್ ಒತ್ತಿದಾಗ ಆ ಸೀಳುಗಳು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ.

ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಚಳಿಗಾಲದ ಟೈರು, ಮೇಲಿದ್ದರೆ ಬೇಸಿಗೆಯದು ಎಂಬುದು ಅಲ್ಲಿ ರೂಢಿಯಲ್ಲಿರುವ ಲೆಕ್ಕ. ಜರ್ಮನಿಯವರು ಇನ್ನೂ ಸರಳ ಮಾಡಿಕೊಂಡಿದ್ದಾರೆ: ಅಕ್ಟೋಬರ್‌ನಲ್ಲಿ ಹಾಕು, ಈಸ್ಟರ್‌ಗೆ ತೆಗೆ. ನಿಜವಾದ ಚಳಿಗಾಲದ ಟೈರಿನ ಪಕ್ಕೆಯಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇರುತ್ತದೆ. ಹಿಮದ ಮೇಲೆ ಪರೀಕ್ಷೆ ಪಾಸಾದರೆ ಮಾತ್ರ ಅದು ಸಿಗುವುದು. ಎಂ ಪ್ಲಸ್ ಎಸ್ ಎಂಬ ಇನ್ನೊಂದು ಗುರುತಿಗೆ ಅಂಥ ಪರೀಕ್ಷೆಯ ಬೆಂಬಲ ಇಲ್ಲ. ಟ್ರೆಡ್ಡಿನ ವಿನ್ಯಾಸ ಕೆಸರಿಗೂ ಹಿಮಕ್ಕೂ ಒಗ್ಗುವಂತಿದೆ ಎಂದು ತಯಾರಕರು ತಾವೇ ಹೇಳಿಕೊಳ್ಳುವ ಮಾತು ಅದು. ನಮ್ಮ ತೋಟದ ಜೀಪುಗಳ ಎಷ್ಟೋ ಟೈರುಗಳ ಮೇಲೆ ಈ ಅಕ್ಷರಗಳಿವೆ. ಅವನ್ನು ನೋಡಿ "ಮಳೆಗೆ ಗಟ್ಟಿ ಟೈರು" ಎಂದು ತೀರ್ಮಾನಿಸುವುದು ಅಪಾಯ. ದೊಡ್ಡ ಬ್ಲಾಕಿನ ಟೈರು ಗದ್ದೆಯ ಕೆಸರಿನಲ್ಲಿ ಗೆಲ್ಲುತ್ತದೆ, ಒದ್ದೆ ಡಾಂಬರಿನಲ್ಲಿ ಅದಕ್ಕೆ ನೆಲ ಮುಟ್ಟುವ ರಬ್ಬರೇ ಕಡಿಮೆ.

ಈಗ ಮಡಿಕೇರಿಗೆ ಬನ್ನಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕೂಡ ಇಲ್ಲಿ 7 ಡಿಗ್ರಿಗೆ ಇಳಿಯುವುದು ಅಪರೂಪ. ಜುಲೈ ಮಳೆಯಲ್ಲಂತೂ ಮೈ ನಡುಗಿದರೂ ಉಷ್ಣಾಂಶ 17, 18ರ ಆಸುಪಾಸಿನಲ್ಲೇ ಇರುತ್ತದೆ. ನಮಗೆ ಚಳಿ ಅನ್ನಿಸಿದರೂ ರಬ್ಬರಿಗೆ ಅದು ಬೆಚ್ಚಗಿನ ಹವೆಯೇ. ಆ ಹವೆಯಲ್ಲಿ ಚಳಿಗಾಲದ ಟೈರಿನ ರಬ್ಬರು ಅತಿ ಮೆತ್ತಗಾಗಿ ಬ್ಲಾಕುಗಳು ಅತ್ತಿತ್ತ ಬಾಗುತ್ತವೆ, ಸ್ಟೀರಿಂಗ್ ತಿರುಗಿಸಿದ್ದಕ್ಕೆ ಕಾರು ತಡವಾಗಿ ಓಗೊಡುತ್ತದೆ, ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಟೈರೂ ಬೇಗ ಸವೆಯುತ್ತದೆ. ಹಣ ಹೆಚ್ಚು ಕೊಟ್ಟು ಸುರಕ್ಷತೆ ಕಡಿಮೆ ಮಾಡಿಕೊಂಡಂತೆ. ಕಾರು ತೆಗೆದುಕೊಂಡು ಜನವರಿಯಲ್ಲಿ ಕಾಶ್ಮೀರಕ್ಕೋ ಮನಾಲಿಗೋ ಹೋಗುವವರ ಮಾತು ಬೇರೆ.

ಎರಡು ಬಗೆಯ ನೀರು

ಮಳೆಯಲ್ಲಿ ಕಾರು ಜಾರುವುದಕ್ಕೆ ಎರಡು ಬೇರೆಬೇರೆ ಕಾರಣಗಳಿವೆ. ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ತಪ್ಪು ಟೈರು ಮನೆಗೆ ಬರುತ್ತದೆ.

ಮೊದಲನೆಯದು ಆಳದ ನೀರು. ರಸ್ತೆಯ ಮೇಲೆ ನಿಂತ ನೀರನ್ನು ಟೈರು ತನ್ನ ತೋಡುಗಳ ಮೂಲಕ ಹಿಂದಕ್ಕೂ ಪಕ್ಕಕ್ಕೂ ತಳ್ಳಬೇಕು. ವೇಗ ಹೆಚ್ಚಾದಂತೆ ತಳ್ಳಲು ಸಿಗುವ ಸಮಯ ಕಡಿಮೆಯಾಗುತ್ತದೆ. ಒಂದು ಹಂತದಲ್ಲಿ ಟೈರಿನ ಮುಂದೆ ನೀರು ಬೆಣೆಯಾಗಿ ನಿಂತು ಟೈರನ್ನೇ ಮೇಲಕ್ಕೆ ಎತ್ತುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ವಿಮಾನದ ಚಕ್ರಗಳ ಮೇಲೆ ಪ್ರಯೋಗ ನಡೆಸಿದ ನಾಸಾದ ಎಂಜಿನಿಯರ್‌ಗಳು 1960ರ ದಶಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು: ಟೈರಿನ ಗಾಳಿಯ ಒತ್ತಡದ (ಪಿಎಸ್‌ಐ) ಸಂಖ್ಯೆಯ ವರ್ಗಮೂಲ ತೆಗೆದು 16.6ರಿಂದ ಗುಣಿಸಿದರೆ, ಟೈರು ನೀರಿನ ಮೇಲೆ ತೇಲಲು ಶುರುಮಾಡುವ ವೇಗ ಕಿಲೋಮೀಟರಿನಲ್ಲಿ ಸಿಗುತ್ತದೆ. 32 ಗಾಳಿ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ. ಅದೇ ಟೈರಿನಲ್ಲಿ ಗಾಳಿ 24ಕ್ಕೆ ಇಳಿದಿದ್ದರೆ ಸುಮಾರು 81. ಟ್ರೆಡ್ಡಿನ ಆಳಕ್ಕಿಂತ ನೀರು ಹೆಚ್ಚಿದ್ದಾಗಿನ ಅಂದಾಜು ಇದು; ಕಾರಿನ ಟೈರಿಗೆ ಕರಾರುವಾಕ್ಕಾಗಿ ಒಪ್ಪುವುದಿಲ್ಲ. ಆದರೆ ದಿಕ್ಕು ತಪ್ಪುವುದಿಲ್ಲ: ಗಾಳಿ ಕಡಿಮೆಯಾದರೆ, ಟ್ರೆಡ್ ಸವೆದರೆ, ಟೈರು ಅಗಲವಾದರೆ ಬೇಗ ತೇಲುತ್ತದೆ. "ಮಳೆಗೆ ಗಾಳಿ ಸ್ವಲ್ಪ ಕಡಿಮೆ ಮಾಡಿ, ಹಿಡಿತ ಬರುತ್ತೆ" ಎಂಬ ಸಲಹೆ ಕೆಸರಿನ ಜೀಪಿಗೆ ಸರಿ, ಹೆದ್ದಾರಿಯ ಕಾರಿಗೆ ತಪ್ಪು.

ಈ ಅಪಾಯ ನಮಗೆ ಕಾಯುವುದು ಘಟ್ಟದಲ್ಲಿ ಅಲ್ಲ. ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರು ಕಡೆಗೆ ಕಾರು ಓಡತೊಡಗುತ್ತದಲ್ಲ, ರಸ್ತೆ ನೇರವಾಗಿದೆ ಎಂದು ಕಾಲು ತಾನಾಗಿ ಒತ್ತುತ್ತದಲ್ಲ, ಅಲ್ಲಿ.

ಎರಡನೆಯದು ತೆಳು ಪದರದ ನೀರು, ಮತ್ತು ಕೊಡಗಿನ ನಿಜವಾದ ಶತ್ರು ಇದೇ. ಸಂಪಾಜೆ ಘಾಟಿಯಲ್ಲಿ, ಮಾಕುಟ್ಟದ ಇಳಿಜಾರಿನಲ್ಲಿ, ನಾಪೋಕ್ಲು-ಭಾಗಮಂಡಲದ ನೆರಳು ದಾರಿಯಲ್ಲಿ ನಾವು ಹೋಗುವುದೇ 30, 40ರ ವೇಗದಲ್ಲಿ. ತೇಲುವ ಪ್ರಶ್ನೆ ಅಲ್ಲಿ ಹೆಚ್ಚಾಗಿ ಬರುವುದಿಲ್ಲ. ಆದರೆ ರಸ್ತೆಯ ಮೇಲೆ ಇರುವುದು ಬರೀ ನೀರಲ್ಲ. ಬರೆ (ಗುಡ್ಡದ ಕಡಿದಾದ ಬದಿ) ಜರಿದು ಬಂದ ನುಣ್ಣನೆಯ ಕೆಂಪುಮಣ್ಣು, ಬಿಸಿಲೇ ಕಾಣದ ಅಂಚುಗಳ ಪಾಚಿ, ಕೊಳೆತ ಸಿಲ್ವರ್ ಓಕ್ ಎಲೆ, ಮೊದಲ ಮಳೆಯಲ್ಲಿ ಮೇಲೆದ್ದ ಡೀಸೆಲ್, ಎಣ್ಣೆ. ಇವು ನೀರಿನೊಂದಿಗೆ ಸೇರಿ ರಬ್ಬರಿಗೂ ಡಾಂಬರಿಗೂ ನಡುವೆ ಒಂದು ಜಿಡ್ಡಿನ ಪದರ ಕಟ್ಟುತ್ತವೆ. ಇಲ್ಲಿ ದೊಡ್ಡ ತೋಡುಗಳು ಹೆಚ್ಚು ನೆರವಾಗುವುದಿಲ್ಲ. ಪದರವನ್ನು ಸೀಳಿ ಡಾಂಬರನ್ನು ಮುಟ್ಟಬಲ್ಲ ರಬ್ಬರಿನ ಗುಣ ಮತ್ತು ಸಣ್ಣ ಸೀಳುಗಳ ಅಂಚುಗಳೇ ಕೈಹಿಡಿಯುವುದು. ರಸ್ತೆಯನ್ನು ಒಂದು ಟೈರು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ. ನಾಲ್ಕು ಟೈರಿಗೆ ನಾಲ್ಕು ಅಂಗೈ, ಅಷ್ಟೇ ಆಸ್ತಿ.

ಒದ್ದೆ ಹಿಡಿತ ಸುಧಾರಿಸಿದ ಮುಖ್ಯ ವಸ್ತು ಸಿಲಿಕಾ. ಮಿಶೆಲಿನ್ ಕಂಪನಿ 1992ರಲ್ಲಿ ಟ್ರೆಡ್ಡಿನ ರಬ್ಬರಿಗೆ ಇಂಗಾಲದ ಮಸಿಯ ಜಾಗದಲ್ಲಿ ಬಹುಪಾಲು ಸಿಲಿಕಾ ಬೆರೆಸಿದ ಟೈರು ತಂದಿತು. ಈಗ ಒಳ್ಳೆಯ ಕಾರ್ ಟೈರುಗಳಲ್ಲೆಲ್ಲ ಅದು ಇದೆ. ಉರುಳುವಾಗ ಶಕ್ತಿ ಕಡಿಮೆ ತಿನ್ನುವುದು, ಜಾರುವಾಗ ಹೆಚ್ಚು ಹಿಡಿಯುವುದು, ಎರಡೂ ಗುಣ ಒಂದೇ ರಬ್ಬರಿನಲ್ಲಿ ಸಿಕ್ಕಿದ್ದು ಇದರಿಂದಲೇ. ಆದ್ದರಿಂದ ಕೊಡಗಿನ ಮಳೆಗೆ ನಾನು ಹೇಳುವುದು: ಬೇಸಿಗೆ ವರ್ಗದ, ಒದ್ದೆ ಹಿಡಿತಕ್ಕೆ ಹೆಸರಾದ, ಟ್ರೆಡ್ ತುಂಬಿದ ಟೈರು. ಕಪ್ 2 ತರಹದ, ತೋಡುಗಳೇ ಕಡಿಮೆ ಇರುವ ಟೈರು ಮಳೆ ಪೂರ್ತಿ ಮುಗಿಯುವವರೆಗೆ ಮನೆಯಲ್ಲೇ ಇರಲಿ. ಪೈಲಟ್ ಸ್ಪೋರ್ಟ್ 4ರಂಥ ರಸ್ತೆಯ ಸ್ಪೋರ್ಟ್ಸ್ ಟೈರು ಮಳೆಯಲ್ಲೂ ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ಸ್ಪೋರ್ಟ್ಸ್ ಟೈರೆಂದರೆ ಮಳೆಗೆ ಆಗದು ಎಂಬ ಹೆದರಿಕೆ ಹಳೆಯದು.

ಟ್ರೆಡ್ ಎಷ್ಟು ಉಳಿದಿರಬೇಕು? ಕಾನೂನು ಕೇಳುವುದು 1.6 ಮಿ.ಮೀ. ತೋಡಿನ ತಳದಲ್ಲಿರುವ ಸಣ್ಣ ದಿಂಡಿಗೆ ರಬ್ಬರು ಸಮನಾದರೆ ಆ ಮಿತಿ ಬಂತು ಎಂದರ್ಥ. ಹೊಸ ಟೈರಿನಲ್ಲಿ 7ರಿಂದ 8 ಮಿ.ಮೀ. ಇರುತ್ತದೆ. ಒದ್ದೆ ಹಿಡಿತ 3 ಮಿ.ಮೀ.ಗಿಂತ ಕೆಳಗೆ ಬೇಗ ಕುಸಿಯುತ್ತದೆ. ಹಾಗಾಗಿ ಮೇ ತಿಂಗಳಲ್ಲಿ 4 ಮಿ.ಮೀ. ಇಲ್ಲದ ಟೈರಿನೊಂದಿಗೆ ನಮ್ಮ ಮಳೆಗಾಲಕ್ಕೆ ಇಳಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟಿ ಮಳೆ ಸುರಿಯುವ ಜಿಲ್ಲೆ ಇದು. ಬಯಲುಸೀಮೆಯ ಕಾರಿಗೆ ಬರೆದ ಮಿತಿ ಇಲ್ಲಿ ಸಾಲದು.

ಗಾಳಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮಂಗಳೂರಿಗೆ ಓಡಾಡುವವರು ಇದನ್ನು ಕೇಳುತ್ತಲೇ ಇರುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮೇಲೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ಮಂಗಳೂರಿನಲ್ಲಿ 32 ತುಂಬಿಸಿದ ಟೈರು ಮಡಿಕೇರಿಯ ಮೀಟರಿನಲ್ಲಿ ಸುಮಾರು 2 ಪಿಎಸ್‌ಐ ಹೆಚ್ಚು ತೋರಬೇಕು. ಆದರೆ ಮಳೆಗಾಲದಲ್ಲಿ ಅಲ್ಲಿಗಿಂತ ಇಲ್ಲಿ ಎಂಟು-ಹತ್ತು ಡಿಗ್ರಿ ತಂಪು. ಟೈರಿನೊಳಗಿನ ಗಾಳಿ ತಣಿದು ಒಂದೂಕಾಲರಿಂದ ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಎರಡೂ ಹೆಚ್ಚುಕಡಿಮೆ ವಜಾ ಆಗುತ್ತವೆ. ಘಟ್ಟ ಹತ್ತಿದ ಕೂಡಲೇ ಗಾಳಿ ಬಿಡುವ, ಇಳಿದ ಕೂಡಲೇ ತುಂಬಿಸುವ ಕೆಲಸ ಬೇಡ. ಬೆಳಿಗ್ಗೆ ಕಾರು ತಣ್ಣಗಿರುವಾಗ ನೋಡಿ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಇಡಿ. ವಾರಕ್ಕೊಮ್ಮೆ ನೋಡಿದರೆ ಸಾಕು.

ರಿಮ್ಮು ಚಿಕ್ಕದಿರಲಿ

ಈಗ ಅಲ್ಲಿಯವರ ಚಳಿಗಾಲದ ಕ್ರಮಕ್ಕೆ ಬರೋಣ. 18 ಅಥವಾ 19 ಇಂಚಿನ ಹೊಳೆಯುವ ಅಲಾಯ್ ಇರುವ ಕಾರಿಗೆ ಅವರು ಚಳಿಗಾಲದಲ್ಲಿ ಒಂದು ಇಂಚು ಚಿಕ್ಕ ರಿಮ್ಮು, ಸ್ವಲ್ಪ ಕಿರಿದಾದ, ಪಕ್ಕೆ ಎತ್ತರದ ಟೈರು ಹಾಕುತ್ತಾರೆ. ಕಿರಿದಾದ ಟೈರು ಹಿಮದ ಕೆಸರನ್ನು ಸೀಳಿಕೊಂಡು ಕೆಳಗಿನ ನೆಲ ಮುಟ್ಟುತ್ತದೆ, ಎತ್ತರದ ಪಕ್ಕೆ ಹಿಮದಡಿ ಅಡಗಿದ ಗುಂಡಿಯ ಪೆಟ್ಟು ತಿನ್ನುತ್ತದೆ, ಉಪ್ಪು ಎರಚಿದ ರಸ್ತೆಯಲ್ಲಿ ಹಾಳಾಗುವುದು ಅಗ್ಗದ ರಿಮ್ಮು. ಹಿಮ ಎಂಬಲ್ಲೆಲ್ಲ ನೀರು, ಉಪ್ಪು ಎಂಬಲ್ಲಿ ಕೆಸರು ಎಂದು ಓದಿಕೊಂಡರೆ ಇದು ನಮ್ಮ ಜಿಲ್ಲೆಯ ವಿಷಯವೇ.

ಟೈರಿನ ಮೇಲಿನ ಸಂಖ್ಯೆ ಓದುವುದು ಕಷ್ಟವಲ್ಲ. 225/40 ಆರ್ 18 ಎಂದರೆ ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 40, ಅಂದರೆ 90 ಮಿ.ಮೀ., ರಿಮ್ಮಿನ ವ್ಯಾಸ 18 ಇಂಚು. ಪಕ್ಕೆ ಮೇಲೂ ಕೆಳಗೂ ಇರುವುದರಿಂದ ಎರಡು ಸಲ ಕೂಡಿಸಿ, ಇಂಚನ್ನು 25.4ರಿಂದ ಗುಣಿಸಿ ಸೇರಿಸಿದರೆ ಇಡೀ ಚಕ್ರದ ವ್ಯಾಸ 637.2 ಮಿ.ಮೀ. ಇದರ ಜಾಗಕ್ಕೆ 225/45 ಆರ್ 17 ಬಂದರೆ ಪಕ್ಕೆ 101 ಮಿ.ಮೀ. ಚಿಲ್ಲರೆ, ವ್ಯಾಸ 634.3. ಇನ್ನೂ ಕಿರಿದು ಬೇಕೆಂದರೆ 205/50 ಆರ್ 17: ಪಕ್ಕೆ 102.5, ವ್ಯಾಸ 636.8. ಮೂಲ ಚಕ್ರಕ್ಕೂ ಇದಕ್ಕೂ ಅರ್ಧ ಮಿಲಿಮೀಟರ್ ಅಂತರವೂ ಇಲ್ಲ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಕಾರಿನ ಎತ್ತರ ತಗ್ಗುವುದಿಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಗೊಂದಲಕ್ಕೆ ಬೀಳುವುದಿಲ್ಲ. ಆದರೆ ಗುಂಡಿಗೂ ರಿಮ್ಮಿಗೂ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ರಬ್ಬರು, ಗಾಳಿ ಸಿಕ್ಕಿತು.

ಆ ಒಂದು ಸೆಂಟಿಮೀಟರ್ ಎಷ್ಟು ದೊಡ್ಡದೆಂದು ಜುಲೈನಲ್ಲಿ ಸುಂಟಿಕೊಪ್ಪದಿಂದ ಮಡಿಕೇರಿಗೆ ಬಂದವರಿಗೆ ಗೊತ್ತು. ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಅದರ ಅಂಚು ತೆಳು ಪಕ್ಕೆಯ ಟೈರನ್ನು ರಿಮ್ಮಿಗೆ ಒತ್ತಿ ಜಜ್ಜುತ್ತದೆ; ಒಳಗಿನ ದಾರಗಳು ತುಂಡಾಗಿ ಮರುದಿನ ಪಕ್ಕೆಯಲ್ಲಿ ಉಬ್ಬು ಕಾಣಿಸುತ್ತದೆ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರು ಬದಲಾಯಿಸಲೇಬೇಕು. ವರ್ಟಸ್ ಜಿಟಿಯಂಥ ಕಾರಿಗೆ ಕಂಪನಿಯೇ ಕೊಟ್ಟಿರುವ 205/55 ಆರ್ 16ರ ಪಕ್ಕೆ 112 ಮಿ.ಮೀ. ದಾಟುತ್ತದೆ. ಅದನ್ನು ತೆಗೆದು ಚೆಂದಕ್ಕೆಂದು 18 ಇಂಚು ಹಾಕಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೊಡಗಿಗೆ ಬೇಕಾದ ಚಕ್ರ ಅವರ ಕಾರಿಗೆ ಆಗಲೇ ಇತ್ತು.

ಚಿಕ್ಕದು ಮಾಡುವುದಕ್ಕೂ ಮಿತಿ ಇದೆ. ವೇಗದ ಕಾರಿನ ಬ್ರೇಕ್ ಡಿಸ್ಕು, ಅದನ್ನು ಒತ್ತಿ ಹಿಡಿಯುವ ಕ್ಯಾಲಿಪರು ದೊಡ್ಡವು. ರಿಮ್ಮಿನೊಳಗೆ ಅವು ಹಿಡಿಸಬೇಕು. 18 ಇಂಚಿನ ಕಾರಿಗೆ ಸಾಮಾನ್ಯವಾಗಿ 17 ಕೂರುತ್ತದೆ, 16 ಎಷ್ಟೋ ಸಲ ತಾಗುತ್ತದೆ. ವ್ಯಾಸ ಸರಿಯಿದ್ದರೂ ಕಡ್ಡಿಗಳ ಬಾಗು ಕ್ಯಾಲಿಪರಿಗೆ ಉಜ್ಜಬಹುದು. ರಿಮ್ಮನ್ನು ಕಾರಿಗೆ ಹಿಡಿದು ತಿರುಗಿಸಿ ನೋಡದೆ ಹಣ ಕೊಡಬೇಡಿ.

ಇನ್ನು ಕೂರಿಸುವ ಅಳತೆಗಳು. ಪಿಸಿಡಿ ಎಂದರೆ ಬೋಲ್ಟುಗಳು ಕೂರುವ ವೃತ್ತ: ಆಕ್ಟೇವಿಯಾದ್ದು 5 ಬೋಲ್ಟು, 112 ಮಿ.ಮೀ.; ವರ್ಟಸ್‌ನದು 5 ಬೋಲ್ಟು, 100 ಮಿ.ಮೀ. ಒಂದೇ ಬಳಗದ ಕಾರುಗಳಾದರೂ ಒಂದರದು ಇನ್ನೊಂದಕ್ಕೆ ಬರುವುದಿಲ್ಲ. ನಡುವಿನ ರಂಧ್ರ ಹಬ್ಬಿಗೆ (ಕಾರಿನಲ್ಲಿ ರಿಮ್ಮು ಕೂರುವ ಗುಬುಟಿಗೆ) ಬಿಗಿಯಾಗಿ ಕೂರಬೇಕು, ದೊಡ್ಡದಿದ್ದರೆ ಉಂಗುರ ಹಾಕಿಸಿ. ಇಲ್ಲದಿದ್ದರೆ 80ರ ಮೇಲೆ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಹೋಗುವುದಿಲ್ಲ. ಆಫ್‌ಸೆಟ್, ಅಂದರೆ ರಿಮ್ಮು ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ, ಮೂಲದ ಹತ್ತಿರವೇ ಇರಲಿ. ಇದೆಲ್ಲವನ್ನೂ ಅಂಗಡಿಯವರು ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ. ಅವರೂ ಮರೆಯಬಹುದಾದ ಒಂದು ಸಂಗತಿ ಬೋಲ್ಟಿನ ತಲೆಯ ಕೆಳಭಾಗದ ಆಕಾರ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಮೂಲ ಬೋಲ್ಟುಗಳ ಬುಡ ಗುಂಡಗಿರುತ್ತದೆ. ಹೊರಗೆ ಕೊಳ್ಳುವ ಬಹಳಷ್ಟು ರಿಮ್ಮುಗಳ ರಂಧ್ರ ಶಂಕುವಿನಾಕಾರದ್ದು. ಗುಂಡನೆಯದನ್ನು ಶಂಕುವಿನೊಳಗೆ ಬಿಗಿದರೆ ಅವು ತೆಳು ಗೆರೆಯಲ್ಲಿ ಮಾತ್ರ ಮುಟ್ಟುತ್ತವೆ, ಬಿಗಿಯಾದಂತೆ ಕಂಡರೂ ಓಡುತ್ತ ಓಡುತ್ತ ಸಡಿಲವಾಗುತ್ತವೆ. ಹೊಸ ರಿಮ್ಮಿನ ಜೊತೆಗೆ ಅದಕ್ಕೆ ತಕ್ಕ ಬೋಲ್ಟನ್ನೂ ಕೇಳಿ ತಗೊಳ್ಳಿ.

ಮಳೆಗಾಲದ ರಿಮ್ಮು ಉಕ್ಕಿನದಾದರೂ ನಡೆಯುತ್ತದೆ. ಪೆಟ್ಟು ಬಿದ್ದರೆ ಉಕ್ಕು ಬಾಗುತ್ತದೆ, ಅಚ್ಚಿನಲ್ಲಿ ಎರಕ ಹೊಯ್ದ ಅಲಾಯ್ ಬಿರಿಯುತ್ತದೆ. ಬಾಗಿದ್ದನ್ನು ತಿದ್ದಬಹುದು, ಬಿರಿದದ್ದಕ್ಕೆ ಬೆಸುಗೆ ಹಾಕಿ ಘಟ್ಟ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಬ್ರೇಕಿನ ಕಾರುಗಳಿಗೆ ಉಕ್ಕಿನ ರಿಮ್ಮು ಸಿಗುವುದು ಕಷ್ಟ. ಆಗ ಅದೇ ಮಾದರಿಯ ಕಾರಿನ ಕೆಳದರ್ಜೆಗೆ ಕಂಪನಿಯೇ ಕೊಟ್ಟ ಚಿಕ್ಕ ಅಲಾಯ್ ಹುಡುಕಿ. ಕಂಪನಿ ಒಪ್ಪಿದ ಅಳತೆಯಾದರೆ ವಿಮೆಯವರೊಂದಿಗೆ ವಾದಕ್ಕೆ ನಿಲ್ಲುವ ಪ್ರಮೇಯವೂ ಬರುವುದಿಲ್ಲ.

ಕೊಳ್ಳುವಾಗ

ಅಗಲಕ್ಕಿಂತ ಮೊದಲು, ಟೈರಿನ ಅಳತೆಯ ಬೆನ್ನಿಗೇ ಬರೆದಿರುವ ಭಾರದ ಅಂಕಿ ನೋಡಿ. 92 ಎಂದರೆ ಟೈರೊಂದು ಹೊರಬಲ್ಲದ್ದು 630 ಕೆ.ಜಿ., 93 ಎಂದರೆ 650. ಮೂಲ ಟೈರಿಗಿಂತ ಕಡಿಮೆ ಅಂಕಿಯದು ಬೇಡ. ಟೈರು ಕಿರಿದು ಮಾಡುವಾಗ ಎಡವುವುದು ಇಲ್ಲೇ. ಪಕ್ಕೆಯಲ್ಲಿ ಟ್ರ್ಯಾಕ್ಷನ್ ಎಂದು ಬರೆದು ಎಎ ಅಥವಾ ಎ ಎಂದಿದ್ದರೆ ಅದು ಒದ್ದೆ ನೆಲದಲ್ಲಿ ನೇರ ಬ್ರೇಕಿನ ದರ್ಜೆ. ಎಎ ಎಲ್ಲಕ್ಕಿಂತ ಮೇಲು. ನಮ್ಮಲ್ಲಿ ಅಂಟಿಸುವ ನಕ್ಷತ್ರಗಳ ಚೀಟಿ ಮುಖ್ಯವಾಗಿ ಇಂಧನ ಉಳಿತಾಯದ ಲೆಕ್ಕ. ಒದ್ದೆ ಹಿಡಿತಕ್ಕೆ ಅದನ್ನೇ ನಂಬಬೇಡಿ.

"ಅಣ್ಣಾ, ಇದು ಯಾವ ವಾರದ್ದು?" ಎಂದು ಕೇಳಲು ಸಂಕೋಚ ಬೇಡ. ಪಕ್ಕೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ಆದದ್ದು. ಮಾಮೂಲಿ ಅಳತೆಗಳು ಬೇಗ ಬೇಗ ಮಾರಾಟವಾಗುವುದರಿಂದ ತಾಜಾ ಸಿಗುತ್ತವೆ. ವಿರಳ ಅಳತೆಯ ಆಮದು ಟೈರು ಗೋದಾಮಿನಲ್ಲಿ ಎಷ್ಟು ಕಾಲ ಕುಳಿತಿದೆಯೋ ಅದನ್ನು ಈ ಅಂಕಿಯೇ ಹೇಳಬೇಕು.

ಎರಡೇ ಟೈರು ಹೊಸದು ಕೊಳ್ಳುವಷ್ಟು ಹಣ ಇದ್ದರೆ ಅವು ಹಿಂದಕ್ಕೆ ಹೋಗಬೇಕು, ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೇ ಹೋಗುವ ಕಾರಾದರೂ. ಅಂಗಡಿಗಳಲ್ಲಿ ಹೆಚ್ಚಾಗಿ ಇದಕ್ಕೆ ತಿರುಗುಮುರುಗು ಹೇಳುತ್ತಾರೆ. ಮುಂದಿನ ಚಕ್ರ ಹಿಡಿತ ತಪ್ಪಿದರೆ ಕಾರು ತಿರುವಿನಲ್ಲಿ ನೇರಕ್ಕೆ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಬಂದು ಹಿಡಿತ ಮರಳುತ್ತದೆ. ಹಿಂದಿನದು ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ, ಆಗ ಆಕ್ಸಿಲರೇಟರ್ ಬಿಟ್ಟರೆ ಇನ್ನಷ್ಟು ಹೊಡೆಯುತ್ತದೆ. ಜೋಡುಪಾಲದ ಇಳಿಜಾರಿನಲ್ಲಿ ಒಂದು ಕಡೆ ಬರೆ, ಇನ್ನೊಂದು ಕಡೆ ಕಮರಿ. ಗಿರಕಿಗೆ ಜಾಗವಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ನಾಲ್ಕನ್ನೂ ಒಟ್ಟಿಗೇ ಬದಲಾಯಿಸಿ. ಸುತ್ತಳತೆ ಬೇರೆಯಾದರೆ ನಡುವಿನ ಕ್ಲಚ್ಚು ಬಿಡುವಿಲ್ಲದೆ ಸವೆಯುತ್ತದೆ. ಪೋರ್ಷೆ 911 ಕರೆರಾದಂತೆ ಮುಂದೆ 235, ಹಿಂದೆ 295 ಅಗಲದ ಟೈರಿರುವ ಕಾರುಗಳಲ್ಲಿ ಮುಂದಿನದನ್ನು ಹಿಂದಕ್ಕೆ ಹಾಕುವ ಹಾಗೂ ಇಲ್ಲ. ಅಂಥ ಕಾರಿಗೆ ತಯಾರಕರು ಒಪ್ಪಿದ ಅಳತೆ ಬಿಟ್ಟು ಬೇರೆ ಪ್ರಯೋಗ ಬೇಡ.

ಎರಡು ಜೊತೆ ಇಟ್ಟುಕೊಳ್ಳುವವರಿಗೆ ನಮ್ಮ ಪಂಚಾಂಗ ಸುಲಭ: ಮೇ ಕೊನೆಯ ವಾರ ಮಳೆಯ ಜೊತೆ ಹಾಕಿ, ಹುತ್ತರಿ ಕಳೆದ ಮೇಲೆ ತೆಗೆಯಿರಿ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತಕ್ಕೇ ಬಿಚ್ಚುವ ಅವಸರ ಬೇಡ, ಅಕ್ಟೋಬರ್‌ನ ಸಂಜೆ ಮಳೆ ಇನ್ನೂ ಬಾಕಿ ಇರುತ್ತದೆ. ಬೋಲ್ಟುಗಳನ್ನು ಕೈಪಿಡಿ ಹೇಳಿದಷ್ಟೇ, ಬಲವನ್ನು ಅಳೆದು ತೋರುವ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಸಿ, ಐವತ್ತು-ನೂರು ಕಿ.ಮೀ. ಓಡಿದ ಮೇಲೆ ಮತ್ತೆ ನೋಡಿ.

ತೆಗೆದ ಜೊತೆಯನ್ನು ತೊಳೆದು, ಪೂರ್ತಿ ಒಣಗಿಸಿ ಇಡಬೇಕು. ತೋಟದ ಶೆಡ್ಡು ಎಲ್ಲರಿಗೂ ಮೊದಲು ಹೊಳೆಯುವ ಜಾಗ, ಆದರೆ ಅಲ್ಲಿ ಡೀಸೆಲ್ ಕ್ಯಾನು, ಗೊಬ್ಬರದ ಚೀಲ, ಮೋಟರು ಇರುತ್ತವೆ. ಎಣ್ಣೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಓಡುವ ವಿದ್ಯುತ್ ಮೋಟರಿನ ಕಿಡಿಯಿಂದ ಹುಟ್ಟುವ ಓಜೋನ್ ಅದನ್ನು ಬಿರುಕು ಬಿಡಿಸುತ್ತದೆ, ಗೊಬ್ಬರದ ತೇವ ಅಲಾಯನ್ನು ತಿನ್ನುತ್ತದೆ. ಮನೆಯ ಕತ್ತಲೆ ಕೋಣೆಯೇ ವಾಸಿ. ರಿಮ್ಮಿನ ಸಮೇತ ಇರುವುದನ್ನು ಒಂದರ ಮೇಲೊಂದು ಮಲಗಿಸಿ, ಬರೀ ಟೈರಾದರೆ ನಿಲ್ಲಿಸಿ ತಿಂಗಳಿಗೊಮ್ಮೆ ತುಸು ತಿರುಗಿಸಿ. ಎಡ ಮುಂದು, ಬಲ ಹಿಂದು ಎಂದು ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದಿಡಿ.